ಸುಣ್ಣದ ಗೆರೆ ಎಳೆದ ದಫೇದಾರರು

ಕಳೆದ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಜಾವಗಲ್‌ನಿಂದ ಹಳೇಬೀಡಿಗೆ ಹೋಗುವ ರಸ್ತೆಯಲ್ಲಿ ಪೊಲೀಸರು ನನ್ನ ಬೈಕ್ ನಿಲ್ಲಿಸಿದರು. ತಪಾಸಣೆಯ ಜಾಗ ದೂರದಿಂದಲೇ ಕಾಣುತ್ತಿತ್ತು. ಮೊದಲು ಎರಡು ಡ್ರಮ್, ಅದರಾಚೆ ರಸ್ತೆಗೆ ಅಡ್ಡಲಾಗಿ ಆಗಷ್ಟೇ ಎಳೆದ ಸುಣ್ಣದ ಗೆರೆ. ಬೈಕ್ ಇಳಿದಾಗ ಹಸಿ ಸುಣ್ಣದ ವಾಸನೆ ಮೂಗಿಗೆ ಬಂತು. ಅದರ ಹಿಂದೆಯೇ ದಫೇದಾರರು ನೆನಪಾದರು.

ನಮ್ಮ ಕಡೆ ಹೆಡ್ ಕಾನ್‌ಸ್ಟೆಬಲ್‌ಗಳನ್ನು ಜನ ಈಗಲೂ ಹಾಗೇ ಕರೆಯುತ್ತಾರೆ. ಈ ದಫೇದಾರರ ಪರಿಚಯವಾದಾಗ ನಾನು ಅರಸೀಕೆರೆಯಲ್ಲಿ ಪತ್ರಿಕೆಯೊಂದರ ವರದಿಗಾರ. ಸಂಜೆ ಠಾಣೆಗಳಿಗೆ ಫೋನ್ ಮಾಡಿ, ಅವರು ಹೇಳಿದ್ದನ್ನು ಸುದ್ದಿ ಮಾಡುತ್ತಿದ್ದೆ. ಒಂದು ಸಂಜೆ ಹಾಗೆ ಸಿಕ್ಕಿದ್ದು ಆರು ಸಾಲು. ಹೆಲ್ಮೆಟ್ ಇಲ್ಲದೆ ಬೈಕಿನಲ್ಲಿ ಬಂದ ಕೊಬ್ಬರಿ ವ್ಯಾಪಾರಿಯೊಬ್ಬ ಜಾವಗಲ್ ಬಳಿ ಪೊಲೀಸ್ ತಪಾಸಣೆಯಿಂದ ತಪ್ಪಿಸಿಕೊಳ್ಳಲು ಹೋಗಿ ಪೇದೆಗೆ ಡಿಕ್ಕಿ ಹೊಡೆದಿದ್ದಾನೆ. ಪೇದೆಯ ಕಾಲು ಮುರಿದಿದೆ. ಹಿಂದೆ ಕೂತಿದ್ದ ಹೆಂಡತಿ ಬಿದ್ದು ತಲೆಗೆ ಪೆಟ್ಟಾಗಿದೆ. ಪೊಲೀಸರ ಮೇಲೆ ಹಲ್ಲೆ ಮಾಡಿದ ಆರೋಪದಲ್ಲಿ ವ್ಯಾಪಾರಿಯನ್ನು ವಶಕ್ಕೆ ಪಡೆಯಲಾಗಿದೆ.

ಮರುದಿನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ದಫೇದಾರರು ಪತ್ರಿಕೆ ಹಿಡಿದು ಬಂದು ಎದುರು ಕೂತರು. ಹಿಂದಿನ ದಿನದ ತಪಾಸಣೆ ಅವರ ಉಸ್ತುವಾರಿಯಲ್ಲೇ ನಡೆದಿತ್ತು.

"ಡಿಕ್ಕಿ ಹೊಡೆದ ಅಂತ ಬರ್ದಿದ್ದೀರಲ್ಲ ಸ್ವಾಮಿ, ಜಾಗ ನೋಡಿದ್ರಾ?"

"ಇಲ್ಲ ಸಾರ್. ಠಾಣೆಲಿ ಹಾಗೇ ಹೇಳಿದ್ರು."

"ಹೇಳ್ದೋರು ನಮ್ಮೋರೇ. ನಡೀರಿ, ನಿಮ್ ಬೈಕ್ ತಗೀರಿ."

ಹಿಂದೆ ಕೂತವರ ತೊಡೆಯ ಮೇಲೆ ಒಂದು ಡಬ್ಬಿ ಇತ್ತು. ಏನೆಂದು ನಾನು ಕೇಳಲಿಲ್ಲ. ಜಾವಗಲ್ ದಾಟಿ ಒಂದು ತಿರುವಿನಲ್ಲಿ ಇಳಿದರು. ಅಲ್ಲೊಂದು ಹುಣಸೆ ಮರ. ಅದರ ಮರೆಯಲ್ಲಿ ನಿಂತು, ಬೈಕ್ ಹತ್ತಿರ ಬಂದಾಗ ಎದುರಿಗೆ ಹಾರಿ ಕೀ ಕಿತ್ತುಕೊಳ್ಳುವುದು ಪೊಲೀಸರಲ್ಲಿ ಆಗ ರೂಢಿಯಾಗಿತ್ತು. ನನ್ನನ್ನು ಹಿಂದಕ್ಕೆ ಕಳುಹಿಸಿ, ಮಾಮೂಲಿ ವೇಗದಲ್ಲಿ ಬಂದು ತಮ್ಮನ್ನು ಕಂಡ ತಕ್ಷಣ ಬ್ರೇಕ್ ಹಾಕಬೇಕೆಂದರು. ಅವರು ಆ ಮರದ ಪಕ್ಕ, ರಸ್ತೆ ಬದಿಯಲ್ಲಿ ನಿಂತರು. ನಾನು ಬಂದೆ, ಕಂಡೆ, ಬ್ರೇಕ್ ಹಾಕಿದೆ. ಬೈಕ್ ನಿಂತಿದ್ದು ಅವರನ್ನು ದಾಟಿ, ಮೋರಿಯ ಹತ್ತಿರ.

"ಈಗ ನಾನು ಸತ್ತೆ," ಎಂದರು. "ನೀವು ಮೋರಿ ಒಳಗಿದ್ದೀರಿ. ಹಿಂದೆ ನಿಮ್ ಮನೆಯೋರು ಕೂತಿದ್ರೆ ಯೋಚ್ನೆ ಮಾಡಿ."

ಡಬ್ಬಿಯಲ್ಲಿ ಇದ್ದದ್ದು ಕಲಸಿದ ಸುಣ್ಣ. ಬೈಕ್ ನಿಂತ ಜಾಗಕ್ಕೆ ಗೆರೆ ಎಳೆದು, ಹೆಜ್ಜೆಯಲ್ಲಿ ಅಳೆದು ಪುಸ್ತಕದಲ್ಲಿ ಬರೆದುಕೊಂಡರು.

"ಅವನು ಬೇಕಂತ ಹತ್ತಿಸ್ಲಿಲ್ಲ. ನಿಲ್ಸೋಕೆ ಜಾಗಾನೇ ಇರ್ಲಿಲ್ಲ. ಇಲ್ಲಿ ನಿಂತ್ಕಳ್ರಿ ಅಂತ ನಮ್ ಹುಡುಗರಿಗೆ ಹೇಳ್ದೋನು ನಾನು. ನನ್ ಮಾತು ಅಂತಾನೇ ಬರ್ಕಳಿ."

ಅವರ ಬಡ್ತಿಯ ಕಡತ ಆಗ ಮೇಲಿನ ಕಚೇರಿಯಲ್ಲಿತ್ತು. ತೊಂದರೆಯಾಗುವುದಿಲ್ಲವೇ ಎಂದು ಕೇಳಿದೆ.

"ಆಯ್ತದೆ. ಅವನು ಜೈಲಿಗೆ ಹೋಗೋದ್ಕಿಂತ ದೊಡ್ಡ ತೊಂದ್ರೆನಾ?"

ಬರೆದೆ. ಅವರಿಗೆ ನೋಟಿಸ್ ಬಂತು. ವಿಚಾರಣೆಯಲ್ಲೂ ಅದೇ ಮಾತು ಹೇಳಿ, ತಿರುವಿನ ನಕ್ಷೆ ಕೊಟ್ಟರು. ಹಲ್ಲೆಯ ಆರೋಪ ಬಿದ್ದುಹೋಗಿ, ವ್ಯಾಪಾರಿಯ ಮೇಲೆ ಉಳಿದದ್ದು ಹೆಲ್ಮೆಟ್ ಹಾಕದ ತಪ್ಪೊಂದೇ. ಅವನ ಹೆಂಡತಿ ಚೇತರಿಸಿಕೊಂಡರು. ಬಡ್ತಿಯ ಕಡತ ಮಾತ್ರ ಮುಂದೆ ಸರಿಯಲಿಲ್ಲ.

ನೋಟಿಸ್‌ಗೆ ಬರೆದ ಉತ್ತರವನ್ನು ನನಗೆ ತೋರಿಸಿದ್ದರು. ಮೊದಲ ಪುಟದಲ್ಲಿ ತಮ್ಮ ತಪ್ಪು, ಎರಡನೆಯದರಲ್ಲಿ ಇನ್ನು ಮುಂದೆ ಏನಾಗಬೇಕು ಎಂಬುದು. ತಪಾಸಣೆ ನೇರ ರಸ್ತೆಯಲ್ಲೇ ಆಗಬೇಕು. ಡ್ರಮ್ ಕಂಡ ಸವಾರ ನಿಲ್ಲಲು ಬೇಕಾದಷ್ಟು ದೂರ ಬಿಟ್ಟು ಗೆರೆ ಎಳೆಯಬೇಕು, ಪೊಲೀಸರು ಗೆರೆಯ ಆಚೆ, ರಸ್ತೆ ಬದಿಯಲ್ಲಿರಬೇಕು. ಓಡುವ ಗಾಡಿಯ ಕೀಗೆ ಯಾರೂ ಕೈ ಹಾಕಬಾರದು. ತಪ್ಪಿಸಿಕೊಂಡವರನ್ನು ಬೆನ್ನಟ್ಟಬಾರದು. ಮೇಲಿನಿಂದ ಉತ್ತರ ಬರಲಿಲ್ಲ. ಅವರು ಕಾಯಲಿಲ್ಲ, ತಮ್ಮ ಪಾಳಿಯಲ್ಲಿ ಶುರು ಮಾಡಿಬಿಟ್ಟರು.

ಸಹೋದ್ಯೋಗಿಗಳು ಆಡಿಕೊಂಡರು. "ಏನ್ ದಫೇದಾರ್ರೇ, ರಂಗೋಲಿ ಬಿಡಾಕೆ ಸೇರ್ಕಂಡ್ರಾ?" ಎಂದು ಒಬ್ಬ ಪೇದೆ ನನ್ನೆದುರೇ ಕೇಳಿದ. "ಹೂಂ ಕಣಪ್ಪಾ, ನಿನ್ ಹೆಂಡ್ತಿ ಕುಂಕುಮ ಇರ್ಲಿ ಅಂತ," ಎಂದು ಗೆರೆ ಎಳೆಯುತ್ತಲೇ ಹೇಳಿದರು. ಓಡಿಹೋದವನನ್ನು ಸುಮ್ಮನೆ ಬಿಡುವುದೇ ಎಂದು ಸಬ್ ಇನ್‌ಸ್ಪೆಕ್ಟರ್ ರೇಗಿದಾಗ ಅವರು ಕೊಟ್ಟ ಉತ್ತರವೂ ನೆನಪಿದೆ: "ನಂಬರ್ ಐತೆ ಸಾರ್, ಮನೆ ಐತೆ, ನಾಳೆ ಐತೆ."

ಅವರು ಮೆದು ಮಾತಿನವರಲ್ಲ. ಗೆರೆಯ ಬಳಿ ನಿಂತ ಸವಾರನಿಗೆ, "ಏನ್ಲಾ, ಒಳಗೇನೂ ಇಲ್ಲ ಅಂತ ತಲೆ ಹಂಗೇ ಬಿಟ್ಕಂಡ್ ಬಂದಿದ್ದೀಯಾ?" ಎನ್ನುತ್ತಿದ್ದರು. ಬೈಗುಳಕ್ಕೆ ಕೊರತೆ ಇರಲಿಲ್ಲ, ಆದರೆ ಕೈ ಎತ್ತಿದ್ದನ್ನು ನಾನು ನೋಡಲಿಲ್ಲ.

ಕೆಲವು ವರ್ಷಗಳ ಮೇಲೆ ಸುತ್ತಲಿನ ಠಾಣೆಗಳಿಗೆಲ್ಲ ಒಂದು ಆದೇಶ ಬಂತು. ಹೆಚ್ಚುಕಡಿಮೆ ಆ ಎರಡನೆಯ ಪುಟವೇ. ಅವರ ಹೆಸರಿರಲಿಲ್ಲ. ಅವರು ಅದನ್ನು ಹುಡುಕಲೂ ಇಲ್ಲ, ಹುಡುಕಿದ್ದು ಡ್ರಮ್‌ಗೂ ಗೆರೆಗೂ ಇರಬೇಕಾದ ದೂರವನ್ನು. ಆದೇಶದಲ್ಲಿ ಅದನ್ನೇ ಬಿಟ್ಟಿದ್ದರು. ಅದನ್ನು ಸೇರಿಸಿ ಎಂದು ಅಂದೇ ಇನ್ನೊಂದು ಅರ್ಜಿ ಬರೆದರು.

ದಫೇದಾರರಾಗಿಯೇ ನಿವೃತ್ತರಾದರು. ಆಮೇಲೆ ಒಂದೆರಡು ಸಲ ಸಿಕ್ಕಿದ್ದರು... ಒಮ್ಮೆ ಮನೆಗೆ ಬನ್ನಿ ಎಂದಿದ್ದರು. ನಾನು ಹೋಗಲಿಲ್ಲ...

ಸೋಮವಾರ ನನ್ನ ದಾಖಲೆ ನೋಡಿದ ಎಎಸ್‌ಐ ಸ್ವಲ್ಪ ಕುಂಟುತ್ತಿದ್ದರು. ಅಂದು ಕಾಲು ಮುರಿದುಕೊಂಡಿದ್ದ ಪೇದೆ ಅವರೇ. ಗುರುತು ಹಿಡಿದು ನಕ್ಕರು. ದಫೇದಾರರು ಹೇಗಿದ್ದಾರೆ ಎಂದು ಕೇಳಿದೆ.

"ಹೋದ ತಿಂಗಳು ತೀರ್ಕಂಡ್ರು ಸಾರ್. ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ನಮ್ಮ ಪತ್ರಿಕೆಯಲ್ಲಿ ಆ ಸುದ್ದಿ ಬಂದಿರಲಿಲ್ಲ.

ನಾವು ಮಾತಾಡುತ್ತಿದ್ದಾಗ ಹಳೇಬೀಡಿನ ಕಡೆಯಿಂದ ಒಂದು ಬೈಕ್ ಬಂತು. ಸವಾರನಿಗೆ ಹೆಲ್ಮೆಟ್ ಇರಲಿಲ್ಲ. ಹಿಂದೆ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಕೂತಿದ್ದಳು. ಪೊಲೀಸರನ್ನು ಕಂಡು ಅವನು ಬೈಕ್ ತಿರುಗಿಸಿಕೊಂಡು ಹೊರಟ. ಎಎಸ್‌ಐ ಜೇಬಿನಿಂದ ಪುಸ್ತಕ ತೆಗೆದು ನಂಬರ್ ಬರೆದುಕೊಂಡರು. ಯಾರೂ ಬೆನ್ನಟ್ಟಲಿಲ್ಲ.