ಊರಿಗೊಂದು ನುಡಿ

ಸಿಂದಗಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸಿದ್ದವ್ವನ ರೊಟ್ಟಿ ಕೇಂದ್ರ ಎಲ್ಲಿ ಎಂದು ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ. ಅರವತ್ತೈದು ದಾಟಿದ ಈ ಹೆಂಗಸು ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಹಾಸ್ಯಪಾತ್ರ ಮಾಡುತ್ತಿದ್ದಳು ಎಂಬುದು ರೊಟ್ಟಿ ಒಯ್ಯಲು ಬರುವ ಹೆಚ್ಚಿನವರಿಗೆ ತಿಳಿದಿಲ್ಲ. ಅವಳೂ ಹೇಳಿಕೊಂಡವಳಲ್ಲ.

ಹುಟ್ಟಿದ್ದು ತಾಂಬಾದಲ್ಲಿ. ಅವ್ವನ ಜೊತೆ ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತಿದ್ದ ಹುಡುಗಿ, ಊರಾಚೆ ಕಂಪನಿಯ ತಗಡಿನ ಥೇಟರು ಎದ್ದಾಗ ದಿನಾ ಹೋಗಿ ನಿಂತು ನಿಂತು ಕಡೆಗೆ ಅವರ ಜೊತೆಗೇ ಹೊರಟುಬಿಟ್ಟಳು. ಆದರೆ ಅವಳ ಕಂಠ ಮೇಲೇರಿದರೆ ಒಡೆಯುತ್ತಿತ್ತು. ಮಾಲಕರು ಎರಡು ದಿನ ಕೇಳಿ ಅಡುಗೆ ಕೆಲಸಕ್ಕೆ ಹಚ್ಚಿದರು. ಕಂಪನಿಗೆ ಹಾಡು ಬರೆಯುತ್ತಿದ್ದವರು ತಾಳಿಕೋಟೆಯ ಮುರ್ತುಜಾಸಾಬ ಮಾಸ್ತರರು. ಒಂದು ಮುಂಜಾನೆ ನಳದ ಮುಂದೆ ಅವಳು ಕೊಡ ಹಿಡಿದು ಜಗಳ ಆಡುವುದನ್ನು ಕೇಳಿ ನಿಂತರು.

"ಸಿದ್ದವ್ವಾ, ನಿಂದು ಸಂತ್ಯಾಗ ಕೂಗಿ ಮಾರೂ ದನಿ. ಕಡೀ ಸಾಲಿನಾಗ ಕುಂತಾಂವಗೂ ಕೇಳತೈತಿ. ನಿನಗೊಂದು ಪದಾ ಕಟ್ಟತೇನಿ."

ಕಟ್ಟಿದರು. ಓಡಿಹೋದ ಗಂಡನನ್ನು ಊರೂರು ಹುಡುಕುವ ಹೆಂಡತಿಯ ಹಾಡು.

ಕಂಡೀರೇನ್ರಿ ನನ ಗಂಡನ್ನ, ಕಂಡೀರೇನ್ರಿ
ಕೆಂಪ ರುಮಾಲದ ಪುಂಡನ್ನ, ಕಂಡೀರೇನ್ರಿ

ಪಲ್ಲವಿ ಎಲ್ಲಾ ಊರಿಗೂ ಒಂದೇ. ನುಡಿ ಮಾತ್ರ ಊರಿಗೊಂದು. ಕಂಪನಿ ಎಲ್ಲಿ ಇಳಿದರೂ ಮಾಸ್ತರರು ಹಗಲೆಲ್ಲ ಚಹಾದಂಗಡಿಯಲ್ಲಿ ಕೂತು ಊರಿನ ಮಾತು ಕೇಳುತ್ತಿದ್ದರು. ಸಂಜೆ ಸಿದ್ದವ್ವ ಬಣ್ಣ ಹಚ್ಚಿಕೊಳ್ಳುವಾಗ ಬಂದು ಕಿವಿಯಲ್ಲಿ ಹೊಸ ನುಡಿ ಹೇಳಿ ಹೋಗುತ್ತಿದ್ದರು. ಕಾಗದಕ್ಕೆ ಇಳಿಸಿದ್ದಿಲ್ಲ. ತಮ್ಮೂರಿನ ಹೆಸರು ಬಂದ ಕೂಡಲೆ ಮಂದಿ ಎದ್ದು ಟವೆಲ್ ಹಾರಿಸುತ್ತಿದ್ದರು.

ಟಿವಿ ಬಂತು, ಕಂಪನಿ ಮುಚ್ಚಿತು. ಪರದೆ ಎಳೆಯುತ್ತಿದ್ದ ಕಲ್ಮೇಶನನ್ನು ಮದುವೆಯಾಗಿದ್ದ ಸಿದ್ದವ್ವ ಅವನೂರಾದ ಸಿಂದಗಿಗೆ ಬಂದು ಒಲೆ ಹೂಡಿದಳು. ಮಾಸ್ತರರು ತೀರಿಕೊಂಡಾಗ ಇಬ್ಬರೂ ತಾಳಿಕೋಟೆಗೆ ಹೋಗಿ ಮಣ್ಣು ಕೊಟ್ಟು ಬಂದಿದ್ದರು.

ಹೋದ ಚಳಿಗಾಲದಲ್ಲಿ ಮಾಸ್ತರರ ಮಗಳು ಆಯೇಶಾ ರೊಟ್ಟಿ ಕೇಂದ್ರಕ್ಕೆ ಬಂದಳು. ಮುದ್ದೇಬಿಹಾಳದ ಒಂದು ಕಣ್ಣಿನ ದವಾಖಾನೆಯಲ್ಲಿ ಅವಳು ನರ್ಸ್.

"ಮೌಶಿ, ಬಾಗೇವಾಡ್ಯಾಗ ಅಬ್ಬಾರ ಹೆಸರಿಲೆ ಒಂದು ಕಾರ್ಯಕ್ರಮ ಇಟ್ಟೇವ್ರಿ. ಬರೇ ಅವರ ಹಾಡು. ಬಂದ ರೊಕ್ಕ ಎಲ್ಲಾ ಹಳೇ ಕಲಾವಿದರ ಕಣ್ಣಿನ ಆಪರೇಶನ್ನಿಗೆ. ನೀವು ‘ಕಂಡೀರೇನ್ರಿ’ ಹಾಡಬೇಕು."

ಸಿದ್ದವ್ವ ಹಿಟ್ಟಿನ ಕೈ ಒರೆಸಿಕೊಂಡಳು. "ಪಲ್ಲವಿ ಅಷ್ಟ ಬರತೈತಿ ಯವ್ವಾ. ನುಡಿ ಒಂದೂ ನೆನಪಿಲ್ಲ. ಮುಂದಿನ ಊರಿಗೆ ಹ್ವಾದ ಮ್ಯಾಲ ಹಿಂದಿನೂರಿಂದು ಮರೀಬೇಕು, ಇಲ್ಲಂದ್ರ ನಾಲಿಗಿ ತಪ್ಪತೈತಿ ಅಂತಿದ್ರು ನಿಮ್ಮಪ್ಪಾರು. ಅವರು ಹೇಳಿದ್ದು ಅದೊಂದು ನಾ ಬರೋಬ್ಬರಿ ಪಾಲಿಸೇನಿ."

"ನೀವು ಬಂದು ನಿಂತ್ರ ಸಾಕ್ರಿ."

ಚೀಲ ಹೊಲಿಯುತ್ತ ಕೂತಿದ್ದ ಕಲ್ಮೇಶ ತಲೆ ಎತ್ತಿದ. "ಹೋಗು. ಅಂಗಡಿ ನಾ ನೋಡ್ಕೋತೇನಿ."

"ನಿನಗ ರೊಟ್ಟಿ ಬಡಿಯಾಕ ಬರತೈತೇನು?"

"ಬರೂದಿಲ್ಲ. ಹಂಗಾದ್ರ ಅವತ್ತು ಅಂಗಡಿ ಬಂದ್ ಮಾಡೂಣು. ನಾನೂ ಬರ್ತೇನಿ."

ಬಸವನ ಬಾಗೇವಾಡಿಯ ಸಭಾಭವನ ಆ ಸಂಜೆ ತುಂಬಿತ್ತು. ಸುತ್ತಲ ತಾಲೂಕುಗಳಿಂದ ಜೀಪು, ಟಂಟಂ ಮಾಡಿಕೊಂಡು ಮಂದಿ ಬಂದಿದ್ದರು. ವಿಜಯಪುರದಿಂದ ಬಂದ ಗಾಯಕಿಯರು ರೇಷ್ಮೆ ಸೀರೆ ಉಟ್ಟು ಮಾಸ್ತರರ ಭಕ್ತಿಯ ಹಾಡು, ವಿರಹದ ಹಾಡುಗಳನ್ನು ಚೆಂದ ಹಾಡಿದರು. ಸಿದ್ದವ್ವನಿಗೂ ಕೇಳುತ್ತ ಕಣ್ಣು ತುಂಬಿತು. ನಂತರ ತನ್ನ ಹೆಸರು ಕೂಗಿದಾಗ ಎದ್ದು ವೇದಿಕೆ ಹತ್ತಿದಳು.

ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂ, ಕಾಲು ಪೇಟಿಗೆ ಕೂತಿದ್ದವರು ಕಂಪನಿಯ ಕಾಲದ ಬಸಂತರಾಯರು. ಪೊರೆ ಬಂದು ಅವರಿಗೆ ಈಗ ನೆರಳಷ್ಟೇ ಕಾಣುತ್ತಿತ್ತು. "ಶ್ರುತಿ ಯಾವ ಮನಿಯಿಂದ ಹಿಡೀಲಿ ಸಿದ್ದವ್ವ?" ಎಂದರು.

"ಎಷ್ಟು ಕೆಳಗಾಗತೈತೋ ಅಷ್ಟು ಕೆಳಗರಿ."

ಪಲ್ಲವಿ ಹಾಡಿದಳು. ದನಿ ಒಡೆದೇ ಬಂತು, ಆದರೆ ಕಡೆಯ ಸಾಲಿಗೂ ಮುಟ್ಟಿತು. ಮತ್ತೊಮ್ಮೆ ಹಾಡಿದಳು. ಮುಂದೆ ಏನೂ ಇರಲಿಲ್ಲ. ಬಸಂತರಾಯರು ಪೇಟಿಯಲ್ಲಿ ದಾರಿ ಕಾದರು. ಆಗ ಅವಳಿಗೆ ತಿಳಿಯದ ಹಾಗೆ ಸೆರಗು ನಡುವಿಗೆ ಸಿಕ್ಕಿತು, ಕೈ ಟೊಂಕಕ್ಕೆ ಹೋಯಿತು. ಹಾಡಿನ ಆ ಹಳೆಯ ಹೆಂಡತಿಯಾಗಿಯೇ ಮಂದಿಯತ್ತ ಬಾಗಿ ಕೇಳಿದಳು:

"ಬಾಗೇವಾಡ್ಯಾವರ, ನನ್ನ ಗಂಡ ನಿಮ್ಮೂರಾಗ ಏನು ಮಾಡಿದ್ದ? ನನಗ ಮರತೈತಿ. ನಿಮಗರ ನೆನಪೈತೇನ್ರಿ?"

ಹೆಂಗಸರ ಸಾಲಿನಲ್ಲಿ ಊರ ಶಾಲೆಯ ನಿವೃತ್ತ ಟೀಚರು ವಿಜಯಲಕ್ಷ್ಮಿ ನಾಚುತ್ತ ಎದ್ದು ನಿಂತರು. ಸಣ್ಣ ದನಿಯಲ್ಲಿ ಶುರು ಮಾಡಿದರು:

ಬಾಗೇವಾಡ್ಯಾಗ ಬಸವಣ್ಣನ ಮುಂದ ಅಡ್ಡ ಬಿದ್ದಾನ
ಲಗ್ನ ಆಗಿಲ್ಲ, ಹೆಣ್ಣು ನೋಡಂತ ಬೇಡಿಕೊಂಡಾನ

ನಗೆ ಛಾವಣಿಗೆ ತಾಗಿತು. ಸಿದ್ದವ್ವ ಎದೆ ಬಡಿದುಕೊಂಡು, "ಹಿಂಗ ಮಾಡಿದ್ದನೇನ್ರಿ ಹಾಟ್ಯಾ" ಎಂದು ಪಲ್ಲವಿ ಎತ್ತಿದಳು. ಮುಗಿಯುವಷ್ಟರಲ್ಲಿ ಇಂಡಿ ಊರಿನ ಲಿಂಬಿ ವ್ಯಾಪಾರಿ ಶಮಶುದ್ದೀನ ಖುರ್ಚಿಯ ಮೇಲೆ ಹತ್ತಿ ನಿಂತಿದ್ದ.

ಇಂಡ್ಯಾಗ ಲಿಂಬಿ ಹಿಂಡೀ ಹಿಂಡಿ ಸರಬತ್ತು ಕುಡದಾನ
ರೊಕ್ಕ ಕೇಳಿದ್ರ ನನ್ನ ಹೆಸರ ಹೇಳಿ ಓಡ್ಯಾನ

ಮುದ್ದೇಬಿಹಾಳದವರು ನಾಲ್ಕೈದು ಮಂದಿ ಒಟ್ಟಿಗೇ ಎದ್ದರು. ಹಾಡಿನ ಗಂಡ ‘ಅತ್ತಿ’ ಎಂದು ಕರೆದ ಮುದುಕಿಗೆ ಮಗಳೇ ಇಲ್ಲವೆಂದು ತಿಳಿದು ಚಪ್ಪಲಿ ಬಿಟ್ಟು ಓಡಿದನೋ, ಧೋತರ ಬಿಟ್ಟು ಓಡಿದನೋ ಎಂದು ಅವರವರಲ್ಲೇ ವಾದ ಬಿತ್ತು. ಎರಡೂ ಬಗೆಯಲ್ಲಿ ಹಾಡಿದರು. ಕೊಲ್ಹಾರದ ಪೀರಬಿ ಎಂಬ ವಯಸ್ಸಾದ ಹೆಂಗಸು ಕೂತಲ್ಲೇ ಹಾಡಿದಳು:

ಕೊಲ್ಹಾರದ ಹೊಳಿಯ ದಂಡ್ಯಾಗ ಗಡಗಿ ಮೊಸರು ಉಂಡಾನ
ಬೆಳ್ಳನ ಮೀಸಿ ಒರಸಲಾರದನ ನಾವಿ ಹತ್ಯಾನ

"ಆ ದಂಡಿ ಈಗ ಡ್ಯಾಮಿನ ನೀರಾಗ ಮುಳಗೈತ್ರಿ," ಎಂದಳು. "ಪದಾ ಅಷ್ಟ ಮ್ಯಾಲ ಉಳದೈತಿ." ಎಲ್ಲರಿಗಿಂತ ಜೋರಾದ ಚಪ್ಪಾಳೆ ಅವಳಿಗೇ ಬಿತ್ತು. ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದ ಆಯೇಶಾ ಇನ್ನೊಂದು ಕೈಯಲ್ಲಿ ಕಣ್ಣೀರು ಒರೆಸಿಕೊಳ್ಳುತ್ತ ನಗುತ್ತಿದ್ದಳು. ಈ ನುಡಿಗಳನ್ನು ಮಗಳೂ ಕೇಳಿರಲಿಲ್ಲ.

"ನಮ್ಮ ಸಿಂದಗ್ಯಾವರ?" ಎಂದಳು ಸಿದ್ದವ್ವ.

ದಿನಾ ಅವಳ ರೊಟ್ಟಿ ತಿನ್ನುವವರು ಒಬ್ಬರ ಮುಖ ಒಬ್ಬರು ನೋಡಿದರು. ಯಾರಿಗೂ ನೆನಪಿರಲಿಲ್ಲ. ಸಿದ್ದವ್ವ ಕಿವಿಯ ಹತ್ತಿರ ಯಾರೋ ಬಾಗಿದ್ದಾರೆ ಎಂಬಂತೆ ತಲೆ ವಾಲಿಸಿದಳು. ಅಲ್ಲಿ ಯಾರೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕಲ್ಮೇಶ ಬಾಯಿ ತೆರೆದು ಅವಳನ್ನೇ ನೋಡುತ್ತಿದ್ದ. ಅವನನ್ನು ಕಂಡದ್ದೇ ತಡ, ಜೀವಮಾನದಲ್ಲಿ ಒಂದು ಸಾಲೂ ಕಟ್ಟದವಳ ಬಾಯಿಂದ ತಾನಾಗಿ ಬಂತು:

ಸಿಂದಗ್ಯಾಗ ರೊಟ್ಟಿ ವಾಸನಿ ಹಿಡದು ಒಳಗ ಬಂದಾನ
ಮೂವತ್ತು ವರ್ಷ ಆತು ನೋಡ್ರಿ, ಇನ್ನೂ ಉಣ್ಣಾಕತ್ತಾನ

ಬೆರಳು ನೇರ ಕಲ್ಮೇಶನ ಕಡೆಗಿತ್ತು. ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಅಕ್ಕಪಕ್ಕದವರು ಅವನನ್ನು ಎತ್ತಿ ನಿಲ್ಲಿಸಿದರು. ಸಿಂದಗಿಯವರು ಆ ನುಡಿಯನ್ನು ನಾಲ್ಕು ಸಲ ಹಾಡಿಸಿಕೊಂಡೇ ಬಿಟ್ಟರು.

ಅಂದು ಕೂಡಿದ ಹಣದಲ್ಲಿ ಹಲವು ಕಲಾವಿದರ ಕಣ್ಣಿನ ಪೊರೆ ತೆಗೆಸಿದರು. ಬಸಂತರಾಯರು ಪಟ್ಟಿ ಬಿಚ್ಚಿದ ವಾರಕ್ಕೇ ಸಿಂದಗಿ ಬಸ್ಸು ಹತ್ತಿದರು. ರೊಟ್ಟಿ ಕೇಂದ್ರದ ಬಾಗಿಲಲ್ಲಿ ನಿಂತು ಸಿದ್ದವ್ವನನ್ನು ಮೇಲಿನಿಂದ ಕೆಳಗೆ ನೋಡಿದರು.

"ಇಷ್ಟು ಮುದುಕಿ ಆಗೀರೇನು ನೀವು?"

"ನಿಮಗ ಕಾಣಲಾರದಾಗ ಚೆಂದಿದ್ನೆಲ್ರಿ," ಎಂದಳು ಸಿದ್ದವ್ವ. "ಒಳಗ ಬರ್ರಿ. ಹಂಚಿನ ಮ್ಯಾಲ ರೊಟ್ಟಿ ಐತಿ."