ಹೂಂ ಅನ್ನುವವರು ಬೇಕು

ಬರೆಯಲಾಗದೆ ಕೂತ ಬರಹಗಾರನಿಗೆ ಬುದ್ಧಿ ಹೇಳುವವರಷ್ಟು ಉತ್ಸಾಹಿಗಳು ಇಡೀ ಕುವೈತ್‌ನಲ್ಲಿ ಬೇರೆ ಯಾರೂ ಇಲ್ಲ. ಮ್ಯೂಸಿಯಂ ನೋಡಿ ಬನ್ನಿ, ಧ್ಯಾನ ಮಾಡಿ, ಕಡಲ ದಂಡೆಯಲ್ಲಿ ಬರಿಗಾಲಲ್ಲಿ ನಡೆಯಿರಿ, ಒಳಗಿನ ಚಿಲುಮೆ ತಾನಾಗಿ ಉಕ್ಕುತ್ತದೆ ಎನ್ನುತ್ತಾರೆ. ಹೀಗೆ ಹೇಳುವವರು ವರ್ಷಕ್ಕೆ ಒಂದು ಪುಸ್ತಕವನ್ನೂ ಬಿಡಿಸಿ ನೋಡಿದವರಲ್ಲ. ನಮ್ಮವರ ಸಮಾರಂಭಗಳಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು ನನ್ನನ್ನು ಮೂಲೆಗೆ ಒತ್ತಿ ಪಾಠ ಮಾಡುತ್ತಾರೆ.

ನಾನು ಇಲ್ಲಿನ ರಿಗ್ಗೈ ಬಡಾವಣೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ಒಬ್ಬ ಎಂಜಿನಿಯರ್. ವಾರವಿಡೀ ಕಾರ್ಖಾನೆಯ ವಾಲ್ವು, ಮೀಟರುಗಳ ಸಂಗ. ರಜೆಯ ದಿನ ಮಾಂತ್ರಿಕರು, ಹಾರುವ ಕುದುರೆಗಳು, ಶಾಪ ತಟ್ಟಿದ ರಾಣಿಯರ ಕಾದಂಬರಿ ಬರೆಯುತ್ತೇನೆ. ಎರಡು ಸಂಪುಟ ಬಂದಿವೆ. ಎರಡನೆಯದರ ಕೊನೆಯಲ್ಲಿ ನನ್ನ ರಾಣಿಯನ್ನು ಹಿಮದ ಕೋಟೆಯೊಂದರ ಮುಚ್ಚಿದ ಬಾಗಿಲ ಮುಂದೆ ತಂದು ನಿಲ್ಲಿಸಿ, ಒಳಗೇನಿದೆ ಎಂಬುದನ್ನು ಮೂರನೆಯದರಲ್ಲಿ ಹೇಳುತ್ತೇನೆ ಎಂದು ಜಂಬ ಕೊಚ್ಚಿಕೊಂಡಿದ್ದೆ. ಒಳಗೇನಿದೆ ಎಂದು ನನಗೇ ಗೊತ್ತಿರಲಿಲ್ಲ. ಹಿಮವನ್ನಾದರೂ ನಾನು ಮುಟ್ಟಿದ್ದು ಫ್ರೀಜರಿನೊಳಗೆ ಮಾತ್ರ. ಹೊರಗೆ ಐವತ್ತು ಡಿಗ್ರಿ ಸುಡುವಾಗ ಏಸಿಯನ್ನು ಹದಿನೆಂಟಕ್ಕೆ ಇಳಿಸಿ, ಶಾಲು ಹೊದ್ದುಕೊಂಡು ಹಿಮಪಾತ ಬರೆದ ಮಹಾನುಭಾವ ನಾನು.

ಹನ್ನೊಂದು ತಿಂಗಳು ಒಂದು ಪುಟವೂ ಹುಟ್ಟಲಿಲ್ಲ. ನನ್ನ ಕಥೆ ಮುಗಿಯಿತು ಎಂಬ ಹೆದರಿಕೆ ಬೆಳಿಗ್ಗೆ ಹಲ್ಲುಜ್ಜುವಾಗಲೇ ಶುರುವಾಗುತ್ತಿತ್ತು. ಮೂರನೆಯದು ಬರದೇ ಹೋದರೆ ನಾನು ವಾಲ್ವು ತಿರುಗಿಸುವ ಮನುಷ್ಯ ಅಷ್ಟೇ, ಮತ್ತೇನೂ ಅಲ್ಲ.

ಹಾಗಾಗಿ ಮಾನ ಬಿಟ್ಟು ಎಲ್ಲರ ಸಲಹೆಯನ್ನೂ ಪಾಲಿಸಿದೆ. ಮಾಲ್ ಒಂದರಲ್ಲಿ ಚಿತ್ರ ಪ್ರದರ್ಶನವಿತ್ತು, ಹೋದೆ. ಬಿಳಿ ಗೋಡೆಯ ಮೇಲೆ ಬಿಳಿ ಬಣ್ಣ ಬಳಿದ ಚಿತ್ರ, ಅದಕ್ಕೆ ಬೆನ್ನು ಮಾಡಿ ನಿಂತು ಫೋಟೊ ತೆಗೆಸಿಕೊಳ್ಳುವ ಜನ. ಹೊರದೇಶದ ಧಾರಾವಾಹಿಯೊಂದನ್ನು ಮೂರು ಸೀಸನ್ ನೋಡಿದೆ. ಡ್ರಾಗನ್‌ಗಳು ಹಾರಿದವು, ಉರಿ ಉಗುಳಿದವು, ಮತ್ತೆ ಹಾರಿದವು, ನನ್ನ ಕಣ್ಣು ಉರಿದದ್ದಷ್ಟೇ ಲಾಭ. ಮಂಗಳೂರು ಕಡೆಯ ಸಹೋದ್ಯೋಗಿಯೊಬ್ಬ ಫೋನಿನ ಎಐಗೆ ಹೇಳಿ ನನ್ನ ರಾಣಿಯ ಚಿತ್ರ ಮಾಡಿಸಿ ಕಳಿಸಿದ, ಸ್ಫೂರ್ತಿಗೆ ಇರಲಿ ಮಾರಾಯ್ರೆ ಅಂತ. ರಾಣಿಯ ಎಡಗೈಗೆ ಆರು ಬೆರಳು. ಆ ಆರನೆಯ ಬೆರಳಿನಿಂದಲೇ ಏನಾದರೂ ಕಥೆ ಹುಟ್ಟೀತೇ ಎಂದು ಅರ್ಧ ಗಂಟೆ ಕೂತು ಯೋಚಿಸಿದೆ. ಥೂ, ನನ್ನ ಗತಿಯೇ.

ಕೊನೆಗೆ ಬಾಯಿ ಬಿಟ್ಟವಳು ನನ್ನ ಹೆಂಡತಿ. ಅವಳ ತವರಿನ ಕಡೆಯವನೊಬ್ಬ ದಕ್ಷಿಣದ ಗಡಿ ಕಡೆಯ ವಫ್ರಾದ ತೋಟದಲ್ಲಿ ಸೌತೆಕಾಯಿಯ ಗ್ರೀನ್‌ಹೌಸ್ ನೋಡಿಕೊಳ್ಳುತ್ತಿದ್ದ. ಆಗಾಗ ಯಾರದೋ ಗಾಡಿಯಲ್ಲಿ ನಮಗೆ ಮೆಂತ್ಯ, ಪುಂಡಿಪಲ್ಯ ಕಳಿಸುತ್ತಿದ್ದ. ಶುಕ್ರವಾರ ಊಟ ಮುಗಿದ ಮೇಲೆ ಆತ ಕಥೆ ಹೇಳುತ್ತಾನಂತೆ, ಜೊತೆಯ ಕೆಲಸಗಾರರೆಲ್ಲ ಕೂತು ಕೇಳುತ್ತಾರಂತೆ. ಹೋಗಿ ಕೇಳಿ ಬನ್ನಿ ಎಂದಳು. ನಾನು ಮೂಗು ಮುರಿದೆ. ಆಮೇಲೆ ಒಂದು ಲೆಕ್ಕ ಹಾಕಿದೆ. ಇಂಥ ಕಥೆಗಳಿಗೆ ವಾರಸುದಾರರು ಯಾರೂ ಇರುವುದಿಲ್ಲ, ಎತ್ತಿಕೊಂಡು ತೊಳೆದು ಬಣ್ಣ ಹಚ್ಚಿದರೆ ನನ್ನದೇ ಆಗುತ್ತದೆ. ಅಂಥ ಮರ್ಯಾದಸ್ಥ ನಾನು.

ಒಂದು ಶುಕ್ರವಾರ ಮಧ್ಯಾಹ್ನ ಕಾರು ತೆಗೆದುಕೊಂಡು ಹೋದೆ. ತಗಡಿನ ಕೋಣೆ, ಒಂದರ ಮೇಲೊಂದು ಮಂಚಗಳು, ಎಂಟು ಮಂದಿ. ಏಳು ಜನ ಕಲಬುರ್ಗಿ, ರಾಯಚೂರು ಕಡೆಯವರು, ಇನ್ನೊಬ್ಬ ಅವರ ಜೊತೆ ಇದ್ದು ಇದ್ದು ಕನ್ನಡ ಕಲಿತ ತೆಲುಗಿನವ. ಕಥೆ ಹೇಳುವಾತನಿಗೆ ಐವತ್ತು ದಾಟಿತ್ತು, ಮುಂಗೈಯೆಲ್ಲ ಸೌತೆಬಳ್ಳಿ ತರಚಿದ ಗೆರೆ. ನಾನು ಅತಿಥಿ ಅಂತ ತನ್ನ ಎದುರಿಗೇ ಕೂರಿಸಿಕೊಂಡ. ನಾನು ಫೋನು ತೆಗೆದು, ರೆಕಾರ್ಡಿಂಗ್ ಒತ್ತಿ, ಆತನ ಮೊಣಕಾಲ ಹತ್ತಿರ ಇಟ್ಟೆ.

ಆತನ ಕಥೆಯಲ್ಲಿ ಒಬ್ಬ ರಾಜ, ಅವನಿಗೆ ನಿದ್ದೆ ಇಲ್ಲ. ತನ್ನ ಬದಲಿಗೆ ಮಲಗಲಿಕ್ಕೆ ಒಬ್ಬ ಕುರಿಗಾರನನ್ನು ಗೊತ್ತು ಮಾಡುತ್ತಾನೆ. ಕುರಿಗಾರ ಅರಮನೆಯ ಮಂಚದ ಮೇಲೆ ಮಲಗಿದರೆ ಸಾಕು, ರಾಜನ ದಣಿವು ಇಳಿಯುತ್ತದೆ. ಆದರೆ ರಾಜನಿಗೆ ಬೀಳಬೇಕಾದ ಕನಸುಗಳೂ ಕುರಿಗಾರನಿಗೇ ಬೀಳತೊಡಗುತ್ತವೆ. ರಾಜ ಯಾರನ್ನು ಕೊಲ್ಲಿಸಿದ, ಯಾರಿಗೆ ಹೆದರುತ್ತಾನೆ, ಎಲ್ಲವೂ ಕುರಿಗಾರನಿಗೆ ಗೊತ್ತಾಗಿಬಿಡುತ್ತದೆ. ಕೇಳುತ್ತ ಕೇಳುತ್ತ ಹೊಟ್ಟೆಕಿಚ್ಚಿನಿಂದ ನನ್ನ ಕಿವಿ ಬಿಸಿಯಾಯಿತು. ಎರಡು ಸಂಪುಟ ಬರೆದ ನನಗೆ ಇಷ್ಟು ಸರಳವಾದ ಒಂದು ಸಂಗತಿ ಯಾಕೆ ಹೊಳೆದಿರಲಿಲ್ಲ? ಆದರೂ ತುಟಿ ಬಿಚ್ಚಲಿಲ್ಲ, ರೆಕಾರ್ಡಿಂಗಿನಲ್ಲಿ ನನ್ನ ದನಿ ಸೇರಿ ಕೆಡಬಾರದಲ್ಲ.

ಆತನ ಮಾತು ನಿಧಾನವಾಯಿತು. ಪ್ರತಿ ಮಾತಿನ ಕೊನೆಗೂ ನನ್ನ ಮುಖ ನೋಡಿ ಒಂದು ಗಳಿಗೆ ಕಾಯುತ್ತಿದ್ದ. ಒಂದು ದಿನ ರಾಜನ ಕನಸಿನಲ್ಲಿ ಕುರಿಗಾರ ತನ್ನ ಹೆಂಡತಿಯನ್ನೇ ಕಂಡ ಎಂದವನು ಅಲ್ಲಿಗೇ ನಿಲ್ಲಿಸಿಬಿಟ್ಟ. ಯಾಕೆ ನಿಲ್ಲಿಸಿದಿರಿ ಎಂದು ಕೇಳಿದೆ.

"ಎದುರಿಗೆ ಕುಂತಾವ್ರು ಹೂಂ ಅನ್ಬೇಕ್ರಿ ಸಾಹೇಬ್ರ. ಇಲ್ಲಂದ್ರ ಕಥಿ ಮುಂದಕ್ಕ ಹೋಗಂಗಿಲ್ಲ. ನೀವು ಕೇಳಾಕ ಬಂದಿಲ್ಲ, ಒಯ್ಯಾಕ ಬಂದೀರಿ."

ಸಿಟ್ಟಿನಿಂದ ಅಂದದ್ದಲ್ಲ, ಅದಕ್ಕೇ ಹೆಚ್ಚು ಉರಿಯಿತು. ಕಥೆ ಹೇಳುವವನ ಎದುರು ಕೂತವನು ಮಾತು ಮಾತಿಗೂ ಹೂಂಗುಟ್ಟಬೇಕು ಎಂಬುದು ನಮ್ಮ ಕಡೆ ಮೂರು ವರ್ಷದ ಕೂಸಿಗೂ ಗೊತ್ತು. ಕಥೆ ಬರೆದು ಸನ್ಮಾನ ಮಾಡಿಸಿಕೊಂಡ ನನಗೆ ಮರೆತುಹೋಗಿತ್ತು. ಫೋನು ಆರಿಸಿ ಜೇಬಿಗೆ ಹಾಕಿಕೊಂಡೆ, ಇನ್ನು ಹೂಂ ಅನ್ನುತ್ತೇನೆ ಎಂದೆ. ಇವತ್ತಿಗೆ ಇದು ಖಲಾಸ್ ಎಂದ ಆತ. ನೀವೂ ಕಥೆ ಬರೆಯುತ್ತೀರಂತಲ್ಲ, ಈಗ ನೀವು ಹೇಳಿ, ನಾನು ಹೂಂ ಅನ್ನುತ್ತೇನೆ ಎಂದ.

ತೋರಿಸುತ್ತೇನೆ ತಾಳು ಎಂದುಕೊಂಡೆ. ಮೊದಲ ಸಂಪುಟದ ಮೊದಲ ಪುಟ ನನಗೆ ಬಾಯಿಪಾಠ. ಏಳು ರಾಜ್ಯಗಳು, ಅವುಗಳ ಹೆಸರು, ಆ ಹೆಸರು ಬಂದ ಕಾರಣ, ರಾಣಿಯ ಅಜ್ಜನ ಅಜ್ಜನಿಗೆ ತಟ್ಟಿದ ಶಾಪ. ಮೊದಲ ಎರಡು ಮಾತಿಗೆ ಹೂಂ ಬಂತು. ಮೂರನೆಯದಕ್ಕೆ ತಡವಾಗಿ ಬಂತು. ಒಬ್ಬ ಚಹಾಕ್ಕೆ ನೀರಿಡಲು ಎದ್ದ. ತೆಲುಗಿನವ ಮೇಲಿನ ಮಂಚ ಹತ್ತಿ ಗೋಡೆ ಕಡೆ ಮುಖ ಮಾಡಿ ಮಲಗಿದ. ಆಮೇಲೆ ಕಥೆ ಹೇಳುವಾತನ ಹೂಂ ಸರಾಗವಾಯಿತು, ನನ್ನ ಮಾತು ಮುಗಿಯುವ ಮೊದಲೇ ಬಂದು ಬೀಳತೊಡಗಿತು. ಆ ಹೂಂ ನನಗೆ ಚೆನ್ನಾಗಿ ಗೊತ್ತಿತ್ತು. ವೇದಿಕೆಯ ಮೇಲೆ ಹಾರ ಹಾಕಿದವರು, ಅದ್ಭುತ ಸಾರ್ ಎಂದು ಮೆಸೇಜು ಕಳಿಸಿದವರು, ಎಲ್ಲರೂ ಇಷ್ಟು ವರ್ಷ ನನಗೆ ಅಂದದ್ದು ಇದೇ ಹೂಂ. ಅದನ್ನೇ ನಂಬಿಕೊಂಡು ನಾನು ಎರಡು ಸಂಪುಟ ಬರೆದಿದ್ದೆ.

"ಸುಳ್ಳು ಹೂಂ ಅನಬ್ಯಾಡ್ರಿ," ಎಂದೆ. ಬಾಯಿಗೆ ಊರ ಮಾತು ತಾನಾಗಿ ಬಂದಿತ್ತು.

"ಮತ್ತ ಸುಳ್ಳು ಕಥಿಗೆ ಎಂಥಾ ಹೂಂ ಅನ್ಲಿರಿ?"

ನಿಮ್ಮ ಕುರಿಗಾರನದು ಮಾತ್ರ ಖರೇ ಏನು ಎಂದು ಕೇಳಲು ಬಾಯಿ ತೆರೆದೆ. ಕೇಳುವ ಮೊದಲು ಸುತ್ತ ನೋಡಿದೆ. ಇನ್ನೊಬ್ಬರ ಬದಲಿಗೆ ಬೆನ್ನು ಬಗ್ಗಿಸುವ ಎಂಟು ಮಂದಿ ಆ ಕೋಣೆಯಲ್ಲಿದ್ದರು, ಅವರಿಗೆ ಅದು ಖರೇ ಎಂದು ಗೊತ್ತಿತ್ತು.

ನನಗೆ ನನ್ನ ಮೇಲೇ ಹೇಸಿಗೆಯಾಯಿತು. ರಾಜ್ಯಗಳನ್ನೆಲ್ಲ ಬಿಟ್ಟೆ, ಶಾಪ ಬಿಟ್ಟೆ, ಹಿಮ ಬಿಟ್ಟೆ. ಉಳಿದದ್ದು ಬಾಗಿಲ ಮುಂದೆ ನಿಂತ ಹೆಂಗಸು ಒಬ್ಬಳೇ. "ಆಕಿಗೆ ಹಸಿವಾಗಿತ್ತು," ಎಂದೆ. "ಬಾಗಿಲಾ ಬಡದು ಬಡದು ಕೈ ಸೋತು, ಹೊಸ್ತಿಲ ಮ್ಯಾಲೆ ಕುಂತಳು. ಒಳಗಿಂದ ಯಾರೋ ರೊಟ್ಟಿ ಬಡಿಯೋ ಸಪ್ಪಳ ಕೇಳಿಸ್ತು."

ಮೇಲಿನ ಮಂಚದಿಂದ, ಗೋಡೆ ಕಡೆಯಿಂದ ಮುಖ ತಿರುಗಿಸದೆ, ತೆಲುಗಿನವ ಹೂಂ ಅಂದ.

ಚಹಾ ಕಾಸುತ್ತಿದ್ದವನು ಒಲೆ ಸಣ್ಣ ಮಾಡಿ ತಿರುಗಿ ನೋಡಿದ. ಒಳಗೆ ರೊಟ್ಟಿ ಬಡಿಯುತ್ತಿರುವವರು ಯಾರು ಎಂದು ನನಗೆ ಗೊತ್ತಿರಲಿಲ್ಲ. ಎಂಟು ಮಂದಿ ಕಾಯುತ್ತಿದ್ದರು. ಹನ್ನೊಂದು ತಿಂಗಳು ಹೆದರಿದ್ದನ್ನೆಲ್ಲ ಕೂಡಿಸಿದರೂ ಆ ಒಂದು ಗಳಿಗೆಯ ಹೆದರಿಕೆಗೆ ಸಮ ಆಗುತ್ತಿರಲಿಲ್ಲ. ಮುಂದಿನ ಮಾತು ಹೇಳಿದೆ.