ಹೊನ್ನವ್ವನ ಕೆಂಪು

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಅಂದಾನಪ್ಪ ಕಾಕಾನ ಮನೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಅಂಗಳದ ಗಳದ ಮೇಲೆ ಕೆಂಪು ನೂಲಿನ ಲಡಿಗಳು ತೂಗುತ್ತಿದ್ದುದೇ ಗುರುತು. ಕಾಕಾ ನನಗೆ ಬಳಗದವರಲ್ಲ, ಮಾಲೀಕರು. ಆದರೂ ಅವರ ನಾಲ್ಕು ಮಗ್ಗಗಳಲ್ಲಿ ನೇಯುತ್ತಿದ್ದ ನಾವು ನಾಲ್ವರೂ ಅವರನ್ನು ಕಾಕಾ ಎಂದೇ, ಅವರ ಹೆಂಡತಿ ಹೊನ್ನವ್ವನನ್ನು ಚಿಗವ್ವ ಎಂದೇ ಕರೆಯುತ್ತಿದ್ದೆವು. ಆ ದಂಪತಿಗಳಿಗೆ ಮಕ್ಕಳಿರಲಿಲ್ಲ. ಇದ್ದದ್ದು ಬಣ್ಣದ ಹಂಡೆ ಒಂದು.

ನೂಲಿಗೆ ಬಣ್ಣ ಹಾಕುವ ಕೆಲಸವನ್ನು ಕಾಕಾ ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಎರಡು ಕೋಲುಗಳಿಂದ ಲಡಿಯನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಅದ್ದುತ್ತಿದ್ದರು. ರೋಣದ ಪೇಟೆಯ ಸೀರೆ ವ್ಯಾಪಾರಿ ಪ್ರಭುಲಿಂಗಪ್ಪ ಸೀರೆಯ ಮಡಿಕೆ ಬಿಚ್ಚದೆ ಅಂಚಿನ ತುದಿ ನೋಡಿಯೇ ಇದು ಅಂದಾನಪ್ಪನ ಕೆಂಪು ಅನ್ನುತ್ತಿದ್ದ. ಅದರ ಸೊಕ್ಕು ಕಾಕಾಗೆ ಇತ್ತು, ಇರಬೇಕಾದದ್ದೇ. ನಮ್ಮ ನೇಯ್ಗೆಯಲ್ಲಿ ಒಂದೆಳೆ ತಪ್ಪಿದರೂ ಬಿಡುತ್ತಿರಲಿಲ್ಲ. "ಮುತ್ತಪ್ಪಾ, ಈ ಅಂಚು ನೋಡಿದ್ರ ಎಮ್ಮಿ ಮೇದು ಬಿಟ್ಹಂಗ ಐತಿ ನೋಡು" ಎಂದರೆ ಮುತ್ತಪ್ಪ ಸೇರಿ ಎಲ್ಲರೂ ನಗುತ್ತಿದ್ದೆವು. ನನಗೆ ಅಂದಾಗ ಮಾತ್ರ ನಾನು ನಗುತ್ತಿರಲಿಲ್ಲ. ನನ್ನ ಸಿಟ್ಟು ಆಗಲೂ ಹಾಗೆಯೇ, ಈಗಲೂ ಹಾಗೆಯೇ.

ಐವತ್ತೆರಡನೆಯ ಇಸವಿಯ ಹೊತ್ತಿಗೆ ಕಾಕಾನ ಕಣ್ಣಿಗೆ ಪೊರೆ ಬಂತು. ಅವರಿಗೆ ಎಲ್ಲವೂ ಒಂದಿಷ್ಟು ಕಪ್ಪಾಗಿ ಕಾಣುತ್ತಿತ್ತೋ ಏನೋ, ಲಡಿಗಳನ್ನು ಬಣ್ಣ ಹಿಡಿಯುವ ಮೊದಲೇ ಎತ್ತಿಬಿಡುತ್ತಿದ್ದರು. ಸಂಜೆ ನಾವು ಮನೆಗೆ ಹೋಗುವಾಗ ಗಳದ ಮೇಲೆ ಬಿಳಿಚಿದ ಕೆಂಪು. ಬೆಳಗ್ಗೆ ಬಂದರೆ ಅವೇ ಲಡಿಗಳು ದಾಳಿಂಬೆ ಬೀಜದಂತೆ ಕೆಂಪಾಗಿ, ಇನ್ನೂ ನೀರು ತೊಟ್ಟಿಕ್ಕುತ್ತಿದ್ದವು. ನಮಗೆ ಸೋಜಿಗ.

ಒಂದು ದಿನ ನಸುಕಿನಲ್ಲೇ ಕೆಲಸಕ್ಕೆ ಬಂದೆ. ಚಿಗವ್ವ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು, ಮೊಣಕೈವರೆಗೆ ಹಂಡೆಯೊಳಗೆ ಕೈ ಇಟ್ಟು, ಕಾಕಾ ಹಿಂದಿನ ದಿನ ಹಾಕಿದ ಲಡಿಗಳನ್ನೇ ಮತ್ತೊಮ್ಮೆ ಅದ್ದುತ್ತಿದ್ದಳು. ಒಳಗೆ ಕಾಕಾ ಗೊರಕೆ ಹೊಡೆಯುತ್ತಿದ್ದರು. ನನ್ನನ್ನು ಕಂಡು ಅವಳು ಗಾಬರಿಯಾಗಲಿಲ್ಲ.

"ಗುರುಸಂಗಾ, ನೀ ಏನೂ ನೋಡಿಲ್ಲ. ಆತಿಲ್ಲೋ?"

"ಆತ್ರಿ ಚಿಗವ್ವ" ಅಂದೆ.

ಮೂರು ವರ್ಷ ಆ ಮಾತನ್ನು ಉಳಿಸಿಕೊಂಡೆ. ಉಳಿದ ಮೂವರಿಗೂ ಒಬ್ಬೊಬ್ಬರಾಗಿ ತಿಳಿಯಿತು, ಅವರೂ ಬಾಯಿ ಬಿಡಲಿಲ್ಲ. ಚಳಿಗಾಲದ ನಸುಕಿನಲ್ಲಿ ತಣ್ಣೀರಿನಲ್ಲಿ ಲಡಿ ಜಾಲಿಸಿ ಜಾಲಿಸಿ ಅವಳಿಗೆ ಕೆಮ್ಮು ಹತ್ತಿತು. ಕಾಕಾ ಕೇಳಿದರೆ ಹತ್ತಿಯ ಧೂಳಿಗೆ ಅನ್ನುತ್ತಿದ್ದಳು. ಅಂಗೈ ಯಾಕೆ ಕೆಂಪು ಅಂದರೆ ಹಂಡೆ ತೊಳೆದೆ ಅನ್ನುತ್ತಿದ್ದಳು. ಐವತ್ತೈದರ ಯುಗಾದಿಗೆ ಎಂಟು ದಿನ ಮೊದಲು, ಎದೆ ಕಟ್ಟಿ ತೀರಿಕೊಂಡಳು.

ಆಮೇಲೆ ಗಳದ ಮೇಲಿನ ಕೆಂಪು ಬೆಳಗ್ಗೆಯೂ ಬಿಳಿಚಿಕೊಂಡೇ ಇರತೊಡಗಿತು. ರೋಣದಿಂದ ಸೀರೆಗಳು ತಿರುಗಿ ಬಂದವು. ಕಾಕಾ ನೂಲನ್ನು ಬೈದರು, ಬಣ್ಣ ಮಾರುವವನನ್ನು ಬೈದರು, ಕಡೆಗೆ ನಮ್ಮನ್ನು ಬೈದರು. ತಿರುಗಿ ಬಂದ ಸೀರೆ ನೇಯ್ದವನ ಹೆಸರನ್ನೂ ಕೆಡಿಸುತ್ತದೆ. ಮೊದಲು ಮೆಹಬೂಬಸುಭಾನಿ, ನರಗುಂದದಲ್ಲಿ ಅಣ್ಣ ಕರೆದಿದ್ದಾನೆಂದು ಹೇಳಿ ಮಗ್ಗ ಬಿಟ್ಟ. ಮುತ್ತಪ್ಪನಿಗೆ ಬೆನ್ನುನೋವು ಬಂತು. ಹನುಮಪ್ಪನಿಗೆ ಶಿರೋಳದ ಹೊಲ ನೆನಪಾಯಿತು. ಮೂವರೂ ಈಗ ಅದೇ ಊರಿನ ಆಚೆ ಓಣಿಯಲ್ಲಿ ಬೇರೆಯವರ ಮಗ್ಗದಲ್ಲಿ ಕೂತಿದ್ದರು.

ಕಾಕಾನ ಮನೆಯಲ್ಲಿ ಎರಡು ಕಟ್ಟಳೆಗಳಿದ್ದವು. ಮಗ್ಗ ಬಿಡುವವನು ಹಿಡಿದ ಸೀರೆ ಮುಗಿಸಿ, ಒಂದು ಗೇಣು ಹಾಸನ್ನು, ಅಂದರೆ ಉದ್ದೆಳೆಗಳನ್ನು, ಮಗ್ಗದಲ್ಲೇ ಬಿಟ್ಟು ಇಳಿಯಬೇಕು. ಮುಂದೆ ಬರುವವನ ಹೊಸ ಎಳೆಗಳನ್ನು ಅವಕ್ಕೇ ಗಂಟು ಹಾಕಿ ನೇಯ್ಗೆ ಶುರುಮಾಡುತ್ತಾರೆ. ಹಾಗಾಗಿ ಹಾಸನ್ನು ಯಾರೂ ಕತ್ತರಿಸುವುದಿಲ್ಲ. ಎರಡನೆಯದು, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನು ಸುಳ್ಳು ಹೇಳಬಾರದು. ಅದಕ್ಕೇ ಆ ಮೂವರೂ ಮಗ್ಗದಿಂದೆದ್ದು ಬಂದು, ಹೊರಗಿನ ಕಟ್ಟೆಯ ಮೇಲೆ ಕೂತು ತಮ್ಮ ನೆವ ಹೇಳಿ ಹೋಗಿದ್ದರು.

ನನ್ನ ಹೆಂಡತಿ ಅನ್ನವ್ವ ನನಗೂ ಒಂದು ನೆವ ಕಲಿಸಿದಳು. ಅವಳ ತವರು ಇಟಗಿ. ಅಲ್ಲಿ ಮಾವ ಮಗ್ಗ ಹೂಡಿ ಕೊಡುತ್ತಾನೆ ಅನ್ನಬೇಕು, ಕಟ್ಟೆಯ ಮೇಲೆ ಅನ್ನಬೇಕು, ಸಿಟ್ಟನ್ನು ಮನೆಯಲ್ಲಿಟ್ಟು ಹೋಗಬೇಕು. ನಾಲ್ಕು ಸಲ ನನ್ನ ಬಾಯಿಂದ ಹೇಳಿಸಿಯೂ ನೋಡಿದಳು.

ಶ್ರಾವಣದ ಒಂದು ಮಧ್ಯಾಹ್ನ ಕೊನೆಯ ಸೀರೆಯ ಸೆರಗು ಮುಗಿಸುತ್ತಿದ್ದೆ. ಬೇಸಿಗೆಯಲ್ಲಿ ಎರಡು ತಿಂಗಳು ಜ್ವರದಲ್ಲಿ ಮಲಗಿದ್ದರಿಂದ ನನ್ನ ಮಗ್ಗದ ಹಾಸು ಮಾತ್ರ ಹಳೆಯದು. ಅದರ ಅಂಚಿನ ಎಳೆಗಳು ಚಿಗವ್ವ ಅದ್ದಿದವು. ಸೆರಗಿಗೆ ಲಾಳಿಯಲ್ಲಿ ಹಾಯಿಸುತ್ತಿದ್ದ ಅಡ್ಡನೂಲು ಕಾಕಾ ಹೊಸದಾಗಿ ಅದ್ದಿದ್ದು. ಒಂದೇ ಸೀರೆಯಲ್ಲಿ ಎರಡು ಕೆಂಪು, ಕಣ್ಣಿಗೆ ಹೊಡೆಯುವಷ್ಟು ಬೇರೆ ಬೇರೆ.

ಕಾಕಾ ಗೋಡೆ ಹಿಡಿದುಕೊಂಡು ಒಳಗೆ ಬಂದರು. ಹೆಗಲ ಮೇಲೆ ರೋಣದಿಂದ ತಿರುಗಿ ಬಂದ ನನ್ನ ಹಿಂದಿನ ಸೀರೆ.

"ಬಿಸಲಾಗ ಒಗದಿದ್ದೇನೋ ಇದನ್ನ? ಸೆರಗು ಬೆಳ್ಳಗಾಗೇತಂತ. ನಿಮ್ಮ ಚಿಗವ್ವ ಇದ್ದಿದ್ರ ನಿನಗ ಇಷ್ಟು ಸಸಾರ ಆಗ್ತಿರಲಿಲ್ಲ."

ನಾನು ಲಾಳಿ ನಿಲ್ಲಿಸಿದೆ. ಸುಮ್ಮನಿರಬಹುದಿತ್ತು. ಎದ್ದು ಕಟ್ಟೆಗೆ ಹೋಗಬಹುದಿತ್ತು. ಕಲಿತ ಸುಳ್ಳು ನಾಲಿಗೆಯ ಮೇಲೆಯೇ ಇತ್ತು.

"ಚಿಗವ್ವ ಇದ್ದಿದ್ರ ಸೀರೀನ ತಿರುಗಿ ಬರ್ತಿರಲಿಲ್ಲ" ಅಂದೆ. "ಮೂರು ವರ್ಷ ನೀನು ಹಾಕಿದ ಬಣ್ಣ ಯಾರೂ ಉಟ್ಟಿಲ್ಲ ಕಾಕಾ. ನೀನು ಸಂಜಿಗೆ ಹಾಕ್ತಿದ್ದಿ, ಆಕಿ ನಸಿಕಿನ್ಯಾಗ ಎದ್ದು ಮತ್ತ ಹಾಕ್ತಿದ್ದಳು. ಎಲ್ಲಾರಿಗೂ ಗೊತ್ತೈತಿ. ಅದಕ್ಕ ಎಲ್ಲಾರೂ ಬಿಟ್ಟು ಹೋದ್ರು, ನಾನೂ ಅದಕ್ಕ ಹೊಂಟೀನಿ."

ಖರೇ ಮಾತು ಆಡಿದೆನೆಂಬ ಹುರುಪು ನನಗೆ ಒಂದು ಕ್ಷಣವೂ ಉಳಿಯಲಿಲ್ಲ. ಕಾಕಾ ಕುಣಿಯ ಅಂಚಿನಲ್ಲಿ ಕುಕ್ಕರಿಸಿ ಕೂತರು. ಒಂದೇ ಮಾತು ಕೇಳಿದರು.

"ಚಳಿಗಾಲದಾಗೂ ಏಳ್ತಿದ್ದಳೇನು?"

ಆಗ ನನಗೆ ಹೊಳೆಯಿತು. ನಾನು ಅವರ ಕಣ್ಣಿನ ಮಾತು ಹೇಳಿದ್ದೆ, ಅವರಿಗೆ ಕೇಳಿಸಿದ್ದು ಅವಳ ಕೆಮ್ಮು. ಇಲ್ಲ ಅನ್ನಲು ಬಾಯಿ ತೆರೆದೆ. ಕಾಲು ಇನ್ನೂ ಕುಣಿಯಲ್ಲೇ ಇತ್ತು.

"ಗೊತ್ತಿದ್ರ ಮಲಗಾಕ ಬಿಡ್ತಿದ್ದೆ" ಅಂದರು ಕಾಕಾ. "ಬಣ್ಣ ಹಾಳಾಗಿ ಹೋಗಲಿ. ಮಲಗಾಕ ಬಿಡ್ತಿದ್ದೆ."

ಆಮೇಲೆ ಆಕೆಯ ನೂಲು ಎಲ್ಲಾದರೂ ಉಳಿದಿದೆಯೇ ಎಂದು ಕೇಳಿದರು. ಅವರ ಕೈ ಹಿಡಿದು ನನ್ನ ಮಗ್ಗದ ಹಾಸಿನ ಅಂಚಿನ ಮೇಲಿಟ್ಟೆ. ನೇಯದೆ ಉಳಿದದ್ದು ಇಷ್ಟೇ, ಬಿಟ್ಟು ಹೋಗಬೇಕಾದ ಗೇಣು. ಅದನ್ನು ಬೆರಳಲ್ಲಿ ಸವರಿ ಸವರಿ ನೋಡಿದರು. ಗೋಡೆಯ ಗೂಟದಲ್ಲಿದ್ದ ಚಾಕು ಕೊಡು ಅಂದರು. ಕಾಕಾ, ಹಾಸು ಕತ್ತರಿಸಬಾರದ್ರಿ ಅಂದೆ. ಕೇಳಲಿಲ್ಲ. ಸೀರೆ ಬಿಡಿಸಿ ನನ್ನ ಕೈಗಿಟ್ಟು, ಆ ಗೇಣು ಕೆಂಪನ್ನು ಎರಡೂ ಅಂಚಿನಿಂದ ಕೊಯ್ದು, ಸುರುಳಿ ಸುತ್ತಿ ಅಂಗಿಯ ಒಳಗಿಟ್ಟುಕೊಂಡರು.

ಆ ಮಗ್ಗದಲ್ಲಿ ಆಮೇಲೆ ಯಾರೂ ನೇಯಲಿಲ್ಲ. ಹಂಡೆಯೂ ಬೋರಲು ಬಿತ್ತು. ಐವತ್ತೆಂಟರಲ್ಲಿ ಕಾಕಾ ಹೋದರು. ನಾನು ಈಗಲೂ ಆಚೆ ಓಣಿಯಲ್ಲಿ ನೇಯುತ್ತೇನೆ, ಸಿಟ್ಟು ಬಂದಾಗ ಬಾಯಲ್ಲಿ ನೂಲು ಕಚ್ಚಿಕೊಳ್ಳುತ್ತೇನೆ.

ಅವತ್ತು ನಾನು ಹೊಸ್ತಿಲು ದಾಟುವಾಗ ಕಾಕಾ ಹಿಂದಿನಿಂದ ಕರೆದಿದ್ದರು. ಬೈಯುತ್ತಾರೇನೋ ಎಂದು ನಿಂತೆ. ಬೈದಿದ್ದರೆ ಆಗುತ್ತಿತ್ತು.

"ಇಟಗಿಗೆ ಹೊಂಟೀರಿ ಅಂತ ಅನ್ನವ್ವ ಮುಂಜಾನೆ ಬಾವಿ ಕಟ್ಟಿ ಮ್ಯಾಲೆ ಎಲ್ಲಾರ ಮುಂದ ಹೇಳ್ಯಾಳ" ಅಂದರು. "ನಾನೂ ಹೂಂ ಅನ್ನಾಕ ತಯಾರಿದ್ದೆ. ಅಷ್ಟ ಹೇಳಿ ಹೋಗಿದ್ರ ಸಾಕಿತ್ತಲ್ಲೋ ತಮ್ಮಾ."